ರಿಪೋರ್ಟು ನನ್ನದು, ರಕ್ತ ಎಲ್ಲರದು

ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸೋ ಹೆಲ್ತ್ ಚೆಕಪ್‌ನಲ್ಲಿ ನನಗೆ ಪ್ರತಿ ಸಲವೂ ಒಂದೇ ಮಾತು: ರಕ್ತ ಕಡಿಮೆ. ಹೈಸ್ಕೂಲಿನಿಂದಲೂ ಹೀಗೇ. ಹಿಮೋಗ್ಲೋಬಿನ್ ಹತ್ತೂವರೆ ದಾಟಿದ್ದೇ ಇಲ್ಲ. ಅಮ್ಮ ಒಂದು ವರ್ಷ ನುಗ್ಗೆಸೊಪ್ಪು, ಒಂದು ವರ್ಷ ಖರ್ಜೂರ, ಒಂದು ವರ್ಷ ಬೀಟ್‌ರೂಟು ಅಂತ ತುರುಕಿದ್ದೇ ತುರುಕಿದ್ದು. ಡಾಕ್ಟರುಗಳು ಕಬ್ಬಿಣದ ಮಾತ್ರೆ ಬರೆದಿದ್ದೇ ಬರೆದಿದ್ದು. ರಕ್ತ ಮಾತ್ರ ಇದ್ದಲ್ಲೇ ಇತ್ತು.

ಹೋದ ವರ್ಷ ಒಬ್ಬ ಡಾಕ್ಟರು ಹಿಮೋಗ್ಲೋಬಿನ್ ಬಿಟ್ಟು ಅದರ ಕೆಳಗಿನ ಸಾಲುಗಳನ್ನೂ ಓದಿದರು. ಎಂಸಿವಿ ಅಂತ ಒಂದಿರುತ್ತಲ್ಲ, ಕೆಂಪು ರಕ್ತಕಣದ ಸರಾಸರಿ ಗಾತ್ರ. 80ರಿಂದ 100ರ ಒಳಗಿರಬೇಕು. ನನ್ನದು 64. ಕಣಗಳು ಪುಟ್ಟ ಪುಟ್ಟವು, ಆದರೆ ಲೆಕ್ಕಕ್ಕೆ ಜಾಸ್ತಿ. “ಬರೀ ಕಬ್ಬಿಣದ ಕೊರತೆ ಆದ್ರೆ ಸಾಮಾನ್ಯವಾಗಿ ಹೀಗಿರಲ್ಲ” ಅಂತ ಇನ್ನೊಂದು ಟೆಸ್ಟ್ ಬರೆದರು. ಅದರಲ್ಲಿ ಹಿಮೋಗ್ಲೋಬಿನ್ ಎ2 ಅನ್ನೋದು 3.5 ಪರ್ಸೆಂಟಿನ ಒಳಗಿರಬೇಕಾದದ್ದು 5.2 ಇತ್ತು. ಕೆಳಗೆ ಒಂದು ಸಾಲು: ಬೀಟಾ ಥಲಸ್ಸೇಮಿಯಾ ಟ್ರೇಟ್.

“ಗಾಬರಿ ಆಗ್ಬೇಡಿ, ಕಾಯಿಲೆ ಅಲ್ಲ ಇದು. ನೀವು ವಾಹಕರು ಅಷ್ಟೆ. ಆ ಮಾತ್ರೆ ನಿಲ್ಲಿಸಿ. ಮದುವೆ ಆಗೋ ಹುಡುಗನ ರಕ್ತ ಒಂದ್ಸಲ ನೋಡಿಸಿ. ಮನೇಲಿ ಮಿಕ್ಕವರಿಗೂ ಹೇಳಿ.”

ಕೊನೇ ವಾಕ್ಯವನ್ನ ಅವರು ಪೆನ್ನಿಗೆ ಕ್ಯಾಪು ಹಾಕ್ತಾ ಹೇಳಿದರು. ಅದೇ ಒಂದು ವಾಕ್ಯ ನನ್ನ ಎರಡು ತಿಂಗಳ ನಿದ್ದೆ ತಿಂದಿತು.

ಸೆಕೆಂಡ್ ಪಿಯುಸಿಯ ಮೆಂಡೆಲ್ ನೆನಪಿದ್ದಾನಾ ನಿಮಗೆ? ಈಗಿನ ಚೆಕ್ ದೇಶದ ಬರ್ನೋ ಊರಿನ ಮಠದಲ್ಲಿ 1856ರಿಂದ ವರ್ಷಗಟ್ಟಲೆ ಬಟಾಣಿ ಬೆಳೆದ ಸನ್ಯಾಸಿ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದ. ಬಂದ ಕಾಳೆಲ್ಲ ದುಂಡು. ಸುಕ್ಕು ಅಳಿದೇ ಹೋಯ್ತು ಅನ್ನಬೇಕು, ಹಾಗೆ. ಆ ದುಂಡು ಕಾಳುಗಳನ್ನೇ ಬಿತ್ತಿ, ಗಿಡಗಳು ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟೋಕೆ ಬಿಟ್ಟ. ಈ ಸಲ 5,474 ದುಂಡು, 1,850 ಸುಕ್ಕು. ಹೆಚ್ಚೂಕಮ್ಮಿ ಮೂರಕ್ಕೆ ಒಂದು.

ನಾವು ಆ ಮೂರಕ್ಕೊಂದನ್ನ ಬಾಯಿಪಾಠ ಮಾಡಿ ಮಾರ್ಕು ತಗೊಂಡು ಮುಂದೆ ಹೋದೆವು. ನಾನು ಗಮನಿಸದೇ ಬಿಟ್ಟದ್ದು ಬೇರೆ. ಸುಕ್ಕು ಎಲ್ಲೂ ಹೋಗಿರಲಿಲ್ಲ, ದುಂಡು ಕಾಳಿನೊಳಗೇ ಸದ್ದಿಲ್ಲದೆ ಕೂತಿತ್ತು. ಇಂಥ ಗುಣಕ್ಕೆ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಮಗುವಿಗೆ ದಾಟಿಸೋದು ಎರಡರಲ್ಲಿ ಒಂದನ್ನ ಮಾತ್ರ. ಯಾವುದು ಅನ್ನೋದು ನಾಣ್ಯ ಚಿಮ್ಮಿದ ಹಾಗೆ.

ನಾನು ಆ ದುಂಡು ಕಾಳು. ಹನ್ನೊಂದನೇ ಕ್ರೋಮೋಸೋಮಿನಲ್ಲಿ ಹಿಮೋಗ್ಲೋಬಿನ್ನಿಗೆ ಬೇಕಾದ ಒಂದು ಜೀನ್ ಇದೆ. ನನ್ನ ಒಂದು ಪ್ರತಿ ಸರಿ ಇದೆ, ಇನ್ನೊಂದರಲ್ಲಿ ದೋಷ. ಒಂದು ಸರಿಯಿದ್ದರೆ ಬದುಕು ಆರಾಮವಾಗಿ ನಡೆಯುತ್ತೆ. ಕಟ್ಟಿಕೊಂಡವನೂ ನನ್ನಂಥವನೇ ಆದರೆ, ಹುಟ್ಟೋ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ದೋಷದ ಪ್ರತಿಗಳೇ ಸಿಗೋ ಸಾಧ್ಯತೆ. ಅದು ಥಲಸ್ಸೇಮಿಯಾ ಮೇಜರ್. ಸಾಮಾನ್ಯವಾಗಿ ಎರಡು ವರ್ಷ ತುಂಬೋದರೊಳಗೇ ಶುರುವಾಗುತ್ತೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಅದರ ಜೊತೆ ಮೈಗೆ ಸೇರೋ ಕಬ್ಬಿಣ ಹೃದಯವನ್ನ ಹಾಳು ಮಾಡದ ಹಾಗೆ ಔಷಧಿ ಕೊಡುತ್ತಲೇ ಇರಬೇಕು. ಹೊಂದೋ ಅಸ್ಥಿಮಜ್ಜೆ ಸಿಕ್ಕಿ ಕಸಿ ಆಗದಿದ್ದರೆ ಇದು ಬಹುಪಾಲು ಜೀವನಪೂರ್ತಿ. ನಮ್ಮ ದೇಶದಲ್ಲಿ ನೂರಕ್ಕೆ ಮೂರು-ನಾಲ್ಕು ಮಂದಿ ವಾಹಕರು ಅಂತ ಅಂದಾಜು. ಬಹಳಷ್ಟು ಜನರಿಗೆ ಅದು ಗೊತ್ತೇ ಇರಲ್ಲ, ನನ್ನ ಹಾಗೆ ಪಾಲಕ್ ತಿಂತಾ ಇರ್ತಾರೆ.

ಅಪ್ಪ-ಅಮ್ಮ ಇಬ್ಬರಿಗೂ ಟೆಸ್ಟ್ ಮಾಡಿಸಿದೆ. ಅಪ್ಪನದು ನಾರ್ಮಲ್. ಅಮ್ಮನದು ನನ್ನದರ ನಕಲು.

ಅಮ್ಮನ ಮೊದಲ ಪ್ರಶ್ನೆ, “ನನ್ನಿಂದ ಬಂತೇನೇ ನಿಂಗೆ?” ಎರಡನೇದು, ಸ್ವಲ್ಪ ಹೊತ್ತು ಬಿಟ್ಟು, “ಯಾರಿಗಾದ್ರೂ ಹೇಳಿದ್ಯಾ?”

ಆ ಎರಡನೇ ಪ್ರಶ್ನೆಗೆ ಕಾರಣ ಇತ್ತು. ದೊಡ್ಡಮ್ಮನ ಮಗಳನ್ನ ನಮ್ಮ ಕೊನೇ ಮಾವನಿಗೆ ಕೊಡೋ ಮಾತು ಆಗಲೇ ನಡೀತಿತ್ತು. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ಮಾವ ಅಂದರೆ ಅವರಿಬ್ಬರ ತಮ್ಮ. ಮೂಡಿಗೆರೆ ಕಡೆಯ ನಮ್ಮ ಮನೆತನದಲ್ಲಿ ಅಕ್ಕನ ಮಗಳನ್ನ ತರೋದು ಹೊಸದೇನಲ್ಲ. ಗೊತ್ತಿರೋ ಮನೆ, ಗೊತ್ತಿರೋ ಹುಡುಗ, ಮಗಳು ದೂರ ಹೋಗಲ್ಲ. ಇಬ್ಬರಿಗೂ ಇಷ್ಟ ಇತ್ತು, ಬಲವಂತ ಅಂತೂ ಅಲ್ಲ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಅಮ್ಮನಿಗೆ ಬಂದಿದೆ ಅಂದರೆ ಅಜ್ಜ-ಅಜ್ಜಿಯಲ್ಲಿ ಒಬ್ಬರಿಗಾದರೂ ಇದ್ದಿರಬೇಕು. ಒಬ್ಬರಿಗೇ ಅಂತಿಟ್ಟುಕೊಂಡರೂ ಮಾವನಿಗೆ ಬಂದಿರೋ ಸಾಧ್ಯತೆ ಅರ್ಧ. ದೊಡ್ಡಮ್ಮನಿಗೂ ಅರ್ಧ, ಅವಳ ಮಗಳಿಗೆ ಅದರ ಅರ್ಧ, ಅಂದರೆ ಕಾಲು. ಇಬ್ಬರೂ ವಾಹಕರಾಗಿರೋ ಸಾಧ್ಯತೆ ಎಂಟರಲ್ಲಿ ಒಂದು. ಮಗುವಿಗೆ ಕಾಯಿಲೆ ಬರೋದು ಮೂವತ್ತೆರಡರಲ್ಲಿ ಒಂದು. ಸಂಬಂಧವೇ ಇಲ್ಲದ ಇಬ್ಬರು ಮದುವೆ ಆದರೆ ಇದೇ ಲೆಕ್ಕ ಸುಮಾರು ಮೂರು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತೆ.

ಹಿರಿಯರು ರಕ್ತಸಂಬಂಧದ ವಿಷಯದಲ್ಲಿ ಹುಷಾರಾಗಿರಲಿಲ್ಲ ಅಂತಲ್ಲ. ಗೋತ್ರವೋ ಬೆಡಗೋ ಬಳಿಯೋ, ಅವರವರ ಮನೇಲಿ ಏನಂತಾರೋ ಅದನ್ನ ನೋಡಿಯೇ ಹೆಣ್ಣು ತರುತ್ತಿದ್ದರು. ಆದರೆ ಆ ಲೆಕ್ಕ ಸಾಮಾನ್ಯವಾಗಿ ಒಂದೇ ಕಡೆಯಿಂದ ಸಾಗುತ್ತೆ. ತಂದೆಯ ಕಡೆ ನೂರು ತಲೆಮಾರಿನ ಆಚೆಯವನೂ ಅಣ್ಣ, ತಾಯಿಯ ಸ್ವಂತ ತಮ್ಮ ಮಾತ್ರ ಬೇರೆ ಮನೆಯವನು. ಹನ್ನೊಂದನೇ ಕ್ರೋಮೋಸೋಮಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಅಪ್ಪನ ಕಡೆಯಿಂದಲೂ ಬರುತ್ತೆ, ಅಮ್ಮನ ಕಡೆಯಿಂದಲೂ ಬರುತ್ತೆ.

ಈಗ ಪ್ರಶ್ನೆ ಇದು. ರಿಪೋರ್ಟಿನ ಮೇಲಿರೋದು ನನ್ನ ಹೆಸರು. ನಾನು ಯಾರಿಗೂ ಹೇಳದೇ ಇರಬಹುದಾ?

ನಮ್ಮ ತಲೆಮಾರಿಗೆ ಪ್ರೈವಸಿ ಅಂದರೆ ಪ್ರಾಣ. ನನ್ನ ಸಂಬಳ, ನನ್ನ ಫೋನು, ನನ್ನ ದೇಹ, ನನ್ನ ರಿಪೋರ್ಟು. ನಾನೂ ಹಾಗೇ ಯೋಚಿಸೋಳು. ಆದರೆ ಊರಿನ ಜಮೀನಿನ ಭಾಷೆಯಲ್ಲಿ ನೋಡಿದಾಗ ಬೇರೆ ಥರ ಕಂಡಿತು. ಆಸ್ತಿಯಲ್ಲಿ ಸ್ವಯಾರ್ಜಿತ, ಪಿತ್ರಾರ್ಜಿತ ಅಂತ ಎರಡು ಬಗೆ. ನನ್ನ ಸಂಬಳ ಸ್ವಯಾರ್ಜಿತ, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಈ ರಿಪೋರ್ಟು ಹಾಗಲ್ಲ. ಇದು ಜಂಟಿ ಪಹಣಿ ಇರೋ ಜಮೀನಿಗೆ ಬಂದ ನೋಟಿಸು. ಅಂಚೆಯವನು ತಂದುಕೊಟ್ಟದ್ದು ನನ್ನ ಕೈಗೆ ಇರಬಹುದು. ಹಾಗಂತ ನಾನೊಬ್ಬಳೇ ಓದಿ ದಿಂಬಿನಡಿ ಇಟ್ಟುಕೊಂಡು ಮಲಗೋ ಹಾಗಿಲ್ಲ.

ಹೇಳಿಬಿಡೋದು ಸರಿ ಅಂತ ತೀರ್ಮಾನ ಮಾಡಿದೆ. ಅಮ್ಮ ಒಪ್ಪಲಿಲ್ಲ.

“ಹೇಳು. ನಾಳೆ ಊರಿಡೀ ಏನಂತಾರೆ ಗೊತ್ತಾ? ಅವರ ಮನೆ ಹೆಣ್ಮಕ್ಕಳ ರಕ್ತ ಸರಿಯಿಲ್ಲ ಅಂತಾರೆ. ಮೊದಲು ನಿಂತುಹೋಗೋದು ನಿನ್ನ ಮದುವೆ.”

ಓದಿದವಳು ಅನ್ನೋ ಜಂಬದಲ್ಲಿ ಜಗಳ ಆಡಿದೆ. ಆಮೇಲೆ ಓದಿದ್ದೇ ಅಮ್ಮನ ಪರ ನಿಂತಿತು. ಗ್ರೀಸ್ ದೇಶದಲ್ಲಿ ಆರ್ಕೋಮೆನೋಸ್ ಅಂತ ಒಂದು ಊರು. ಅಲ್ಲಿ ಸಿಕಲ್ ಸೆಲ್ ಅನ್ನೋ, ಥಲಸ್ಸೇಮಿಯಾ ಥರದ್ದೇ ರಕ್ತದ ಕಾಯಿಲೆ ಜಾಸ್ತಿ. ನಮ್ಮ ಹಾಗೇ ಹಿರಿಯರು ಮಾತಾಡಿ ಮಾಡೋ ಮದುವೆಗಳು. ಸಂಶೋಧಕರು ಊರವರ ರಕ್ತ ಪರೀಕ್ಷೆ ಮಾಡಿ, ವಾಹಕರು ವಾಹಕರನ್ನ ಮದುವೆ ಆಗದಿದ್ದರೆ ಸಾಕು ಅಂತ ತಿಳಿಹೇಳಿದರು. ಕೆಲವು ವರ್ಷ ಬಿಟ್ಟು ಬಂದು ನೋಡಿದರೆ ಆಗಿದ್ದೇ ಬೇರೆ. ವಾಹಕರು ಅಂದರೆ ಕಳಂಕ ಅನ್ನೋ ಹಾಗಾಗಿತ್ತು. ಸಂಬಂಧ ತಪ್ಪಿಹೋಗುತ್ತೆ ಅಂತ ಎಷ್ಟೋ ಜನ ವಿಷಯ ಮುಚ್ಚಿಟ್ಟು ಮದುವೆ ಆಗಿದ್ದರು. ಹೇಳಿದ್ದೇ ಮುಚ್ಚಿಡೋಕೆ ದಾರಿ ಮಾಡಿಕೊಟ್ಟಿತ್ತು. ಅಮ್ಮ ಆರ್ಕೋಮೆನೋಸ್ ಹೆಸರು ಕೇಳಿಲ್ಲ. ಆದರೆ ಊರು ಅಂದರೆ ಏನು ಅಂತ ಅವಳಿಗೆ ಗೊತ್ತು.

ಇನ್ನೊಂದು ತಕರಾರು ನನ್ನೊಳಗೇ ಇತ್ತು. ಗೊತ್ತಾಗೋದೇ ಬೇಡ ಅನ್ನೋ ಹಕ್ಕು ಜನಕ್ಕಿಲ್ಲವಾ? ಹಂಟಿಂಗ್ಟನ್ ಅಂತ ಒಂದು ಮೆದುಳಿನ ಕಾಯಿಲೆ. ಅದಕ್ಕೆ ಒಂದೇ ದೋಷದ ಪ್ರತಿ ಸಾಕು, ಅಪ್ಪ-ಅಮ್ಮನಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಅರ್ಧಕ್ಕರ್ಧ. ನಡುವಯಸ್ಸಿನಲ್ಲಿ ಶುರುವಾಗುತ್ತೆ, ವಾಸಿ ಮಾಡೋ ಔಷಧಿ ಇಲ್ಲ. ಆ ಜೀನನ್ನ ಹುಡುಕೋ ಕೆಲಸದಲ್ಲಿ ಮುಂದೆ ನಿಂತ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿಗೇ ಆ ಕಾಯಿಲೆ ಇತ್ತು. ಪರೀಕ್ಷೆ ಸಾಧ್ಯ ಆದಮೇಲೂ ಅವರು ತಾವು ಮಾಡಿಸಿಕೊಳ್ಳೋದು ಬೇಡ ಅಂದರು. ಅದು ನನಗೆ ಅರ್ಥವಾಗುತ್ತೆ. ಅಲ್ಲಿ ತಿಳಿದು ಮಾಡೋಕೆ ಇರೋದು ಕಾಯೋದೊಂದೇ.

ನಮ್ಮದು ಹಾಗಲ್ಲ. ವಾಹಕರಿಗೆ ತಮ್ಮ ಮೈಗೆ ಆಗಬೇಕಾದ್ದು ಹೆಚ್ಚೇನಿಲ್ಲ, ಮಗು ಬರೋ ಮೊದಲು ಮಾಡಬಹುದಾದ್ದು ಬಹಳ ಇದೆ. ಗರ್ಭದಲ್ಲೇ ಪರೀಕ್ಷೆ ಮಾಡಿಸಬಹುದು, ದತ್ತು ತಗೋಬಹುದು, ಎಲ್ಲ ತಿಳಿದೂ ಧೈರ್ಯ ಮಾಡಬಹುದು. ಯಾವುದು ಸರಿ ಅಂತ ಹೇಳೋಕೆ ನಾನ್ಯಾರು? ಆದರೆ ಆಯ್ಕೆ ಇದೆ ಅನ್ನೋದೇ ಅವರಿಗೆ ಗೊತ್ತಾಗದ ಹಾಗೆ ಮಾಡಿದರೆ, ನಾನು ಕಾಪಾಡಿದ್ದು ಅವರ ನೆಮ್ಮದಿಯನ್ನಲ್ಲ, ನನ್ನ ಮದುವೆಯನ್ನ.

ದಾರಿ ಸಿಕ್ಕಿದ್ದು ಇನ್ನೊಂದು ಕಡೆಯ ಕಥೆಯಿಂದ. ಟೇ-ಸ್ಯಾಕ್ಸ್ ಅನ್ನೋ ಕಾಯಿಲೆಯಲ್ಲಿ ತನ್ನ ಮಕ್ಕಳನ್ನೇ ಕಳಕೊಂಡ ಯಹೂದಿ ರಬ್ಬಿ ಜೋಸೆಫ್ ಎಕ್‌ಸ್ಟೀನ್ 1980ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಒಂದು ವ್ಯವಸ್ಥೆ ಮಾಡಿದರು. ಮದುವೆ ವಯಸ್ಸಿನವರು ರಕ್ತ ಕೊಡ್ತಾರೆ, ಅದಕ್ಕೊಂದು ನಂಬರು. ಸಂಬಂಧ ಕುದುರೋ ಮೊದಲು ಎರಡು ನಂಬರು ಕೊಟ್ಟರೆ, ಹೊಂದುತ್ತೋ ಇಲ್ಲವೋ ಅಂತ ಉತ್ತರ ಬರುತ್ತೆ. ಹೊಂದಿದರೆ ಯಾರು ವಾಹಕರು ಅಂತ ಅವರಿಗೇ ಹೇಳಲ್ಲ. ಅದು ಪೂರ್ತಿ ಸರಿ ಅಂತ ನಾನನ್ನಲ್ಲ, ಯಾಕಂದರೆ ನನಗೆ ನನ್ನ ರಿಪೋರ್ಟು ಓದೋಕೆ ಬೇಕು. ಆದರೆ ಒಂದು ವಿಷಯ ಹೊಳೆಯಿತು. ಹೇಳೋದು, ಮುಚ್ಚಿಡೋದು ಇವೆರಡರ ನಡುವೆ ಜಾಗ ಇದೆ. ನಾನು ನನ್ನವರಿಗೆ ಕೊಡಬೇಕಾದದ್ದು ಉತ್ತರವನ್ನಲ್ಲ, ಪ್ರಶ್ನೆಯನ್ನ. ಅದೂ ಊರಿಗಲ್ಲ, ಆ ಪ್ರಶ್ನೆಯಿಂದ ಯಾರ ಬದುಕು ಬದಲಾಗುತ್ತೋ ಅವರಿಗೆ ಮಾತ್ರ.

ಅಮ್ಮನ ಮೊದಲ ಪ್ರಶ್ನೆ ಇನ್ನೂ ಹಾಗೇ ಉಳಿದಿತ್ತು. ನನ್ನಿಂದ ಬಂತಾ?

ಒಂದು ಭಾನುವಾರ ಅವರೆಕಾಳು ಸುಲಿಯೋವಾಗ ಹೇಳಿದೆ. ಥಲಸ್ಸೇಮಿಯಾ ಇಷ್ಟೊಂದು ಜನರಲ್ಲಿ ಯಾಕೆ ಉಳಿದಿದೆ ಅಂದರೆ, ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತಿತ್ತು. ಮುಂದೆ ಭಾರತಕ್ಕೇ ಬಂದು ನೆಲೆಸಿದ ಹಾಲ್ಡೇನ್ ಅನ್ನೋ ವಿಜ್ಞಾನಿ 1949ರಲ್ಲೇ ಇದನ್ನ ಊಹಿಸಿದ್ದರು. ಮಲೆನಾಡು ಒಂದು ಕಾಲಕ್ಕೆ ಮಲೇರಿಯಾಕ್ಕೆ ಹೆಸರಾದ ಸೀಮೆ. “ನಿಮ್ಮ ಅಜ್ಜಿಯ ಅಜ್ಜಿ ಯಾರೋ ಚಳಿಜ್ವರದಲ್ಲಿ ಸಾಯದೇ ಉಳಿದಿದ್ದು ಇದರಿಂದಲೇ ಇರಬಹುದಮ್ಮ. ಅವಳು ಉಳೀದಿದ್ರೆ ನೀನೂ ಇಲ್ಲ, ನಾನೂ ಇಲ್ಲ. ನೀನು ಕೊಟ್ಟಿದ್ದಲ್ಲ ಇದು. ನಿನ್ನ ಕೈ ದಾಟಿ ಬಂದಿದ್ದು ಅಷ್ಟೆ.”

ಅಮ್ಮ ಏನೂ ಅನ್ನಲಿಲ್ಲ. ಕಾಳು ಸುಲಿದಾಯ್ತು. ಸಿಪ್ಪೆ ಗುಡಿಸಿ ಎದ್ದು ಹೋಗ್ತಾ, “ಮೊದಲು ನಿನ್ನ ಮಾವನಿಗೆ ಹೇಳು. ಅಕ್ಕನ ಹತ್ರ ನಾನು ಮಾತಾಡ್ತೀನಿ” ಅಂದಳು.

ಮಾವನಿಗೆ ಫೋನ್ ಮಾಡಿ ನನ್ನ ರಿಪೋರ್ಟಿನ ಬಗ್ಗೆ ಹೇಳಿದೆ. ತಂಗಿಯನ್ನ ಕಾಫಿಗೆ ಕರೆದು ಅದನ್ನೇ ಹೇಳಿದೆ. “ನಂಗಿದೆ. ನಿಂಗೂ ಇರಬಹುದು, ಇಲ್ಲದೇನೂ ಇರಬಹುದು. ಒಂದು ಸಣ್ಣ ರಕ್ತಪರೀಕ್ಷೆ ಅಷ್ಟೆ” ಅಂದೆ. ಅವಳು ಬಹಳ ಹೊತ್ತು ಕಪ್ಪಿನ ಕಿವಿ ಸವರ್ತಾ ಕೂತಿದ್ದು, “ಅಕ್ಕ, ಇದನ್ನ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು” ಅಂದಳು. ಆಮೇಲೆ, “ಹೇಳಿದ್ದು ಒಳ್ಳೇದಾಯ್ತು” ಅಂದಳು. ಎರಡೂ ನಿಜ ಇರಬೇಕು.

ದೊಡ್ಡಮ್ಮ ನನ್ನ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ನನ್ನನ್ನ ನೋಡೋಕೆ ಬರಬೇಕಿದ್ದ ಒಂದು ಸಂಬಂಧಕ್ಕೆ ಮೊದಲೇ ವಿಷಯ ತಿಳಿಸಿದೆ. ಹುಡುಗನ ರಕ್ತ ನೋಡಿಸಿದರೆ ಸಾಕು ಅಂದೆ. ನೋಡಿಸೋ ಗೋಜಿಗೇ ಹೋಗದೆ ಅವರು ಹಿಂದೆ ಸರಿದರು. ಅಮ್ಮ ಹೇಳಿದ್ದು ಸುಳ್ಳಲ್ಲ.

ಮಾವನ ರಿಪೋರ್ಟಿನಲ್ಲಿ ಏನಿತ್ತು, ತಂಗಿಯದರಲ್ಲಿ ಏನು ಬಂತು, ಆ ಮದುವೆ ಆಯ್ತಾ ಇಲ್ವಾ ಅಂತ ನೀವು ಕೇಳಬಹುದು. ಅದನ್ನ ನಾನಿಲ್ಲಿ ಬರೆಯಲ್ಲ. ಪ್ರಶ್ನೆ ಮನೆಯವರೆಲ್ಲರದು, ಉತ್ತರ ಅವರದು. ನನ್ನದನ್ನ ಬರೀಬಹುದು, ಬರೆದಿದ್ದೀನಿ. ಅಮ್ಮನದನ್ನ ಬರೆಯೋ ಮೊದಲು ಕೇಳಿದೆ. “ಬರಿ, ಆದ್ರೆ ಬರೀ ಕಾಯಿಲೆ ವಿಷಯ ಬರೀಬೇಡ. ಆ ಚಳಿಜ್ವರದ ಅಜ್ಜಿ ವಿಷಯಾನೂ ಬರಿ” ಅಂದಳು.