ಹವಾಮಾನ ಮಾದರಿಯ ಮರ ಮತ್ತು ಸಾಮಾನ್ಯದ ಪ್ರಶ್ನೆ

ಭೂಮಿಯ ಮೇಲೆ ಸುಮಾರು ಮೂರೂವರೆ ಲಕ್ಷ ನಾಳೀಯ ಸಸ್ಯ ಪ್ರಭೇದಗಳಿವೆ. ಹವಾಮಾನ ಮಾದರಿಗಳು ಇವನ್ನು ಬಹುಕಾಲ ಬೆರಳೆಣಿಕೆಯ ವರ್ಗಗಳಿಗೆ ಇಳಿಸಿಕೊಂಡಿದ್ದವು. ಬ್ರಿಟನ್ನಿನ ಜ್ಯೂಲ್ಸ್ ಮಾದರಿಗೆ ಮೊದಲು ಐದೇ ಸಾಕಾಗಿದ್ದವು: ಅಗಲ ಎಲೆಯ ಮರ, ಸೂಜಿ ಎಲೆಯ ಮರ, ಪೊದೆ, ಎರಡು ಬಗೆಯ ಹುಲ್ಲು. ಇಂಥ 'ಕಾರ್ಯವರ್ಗ' ಪ್ರಕೃತಿಯಲ್ಲೇ ಇದೆಯೇ, ಲೆಕ್ಕ ಹಾಕುವವರ ಕಲ್ಪನೆಯೇ?

ಭಾರತೀಯ ತತ್ತ್ವಶಾಸ್ತ್ರದಲ್ಲಿ ಇದು ಹಳೆಯ ಪ್ರಶ್ನೆ. ನ್ಯಾಯ-ವೈಶೇಷಿಕ ದರ್ಶನದವರಿಗೆ 'ಸಾಮಾನ್ಯ', ಅಂದರೆ ಒಂದು ಜಾತಿಯ ವಸ್ತುಗಳಿಗೆಲ್ಲ ಸಮಾನವಾದ ಧರ್ಮ, ನಿಜವಾಗಿಯೇ ಇದೆ. ವೃಕ್ಷತ್ವ ಎಂಬುದು ಒಂದೊಂದು ಮರದಲ್ಲೂ ಸಮವಾಯದಿಂದ, ಅಂದರೆ ಬೇರ್ಪಡಿಸಲಾಗದ ನಂಟಿನಿಂದ, ನೆಲೆಸಿರುತ್ತದೆ. ಬೌದ್ಧ ತಾರ್ಕಿಕರು ಇದನ್ನು ಒಪ್ಪಲಿಲ್ಲ. ಅವರಿಗೆ ಬಿಡಿ ವಸ್ತುವಷ್ಟೇ ನಿಜ, ಸಾಮಾನ್ಯ ಬುದ್ಧಿಯ ಕಟ್ಟಡ. 'ಪ್ರಮಾಣವಾರ್ತಿಕ'ದಲ್ಲಿ ಧರ್ಮಕೀರ್ತಿ ಕೊಡುವ ದೃಷ್ಟಾಂತವೂ ಸಸ್ಯಗಳದ್ದೇ: ಬೇರೆಬೇರೆ ಮೂಲಿಕೆಗಳು ಜ್ವರ ಇಳಿಸುತ್ತವೆ, ಅಷ್ಟಕ್ಕೇ ಅವೆಲ್ಲದರೊಳಗೆ ಒಂದೇ ಸಾಮಾನ್ಯ ಕೂತಿರಬೇಕಾಗಿಲ್ಲ; ಒಂದೇ ಕೆಲಸ ಮಾಡುತ್ತವೆ ಎಂಬುದೇ ಅವನ್ನು ಒಂದು ಗುಂಪಾಗಿ ಕಾಣಲು ಸಾಕು. ಕಾರ್ಯವರ್ಗಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಸಿಗುವುದು ಕಷ್ಟ.

ಆದರೆ ಯಾವ ಕೆಲಸ ಎಂದು ಕೇಳಿದೊಡನೆ ತೊಡಕು ಶುರು. ಇಂಗಾಲ ಹೀರುವುದರಲ್ಲಿ ಒಂದಾಗಿ ಕಂಡ ಮರಗಳು ಬರದಲ್ಲಿ ಬೇರೆಯಾಗುತ್ತವೆ. ಎಲೆ ಉದುರುವುದನ್ನೂ ಚಿಗುರುವುದನ್ನೂ ಮಣ್ಣಿನ ತೇವಕ್ಕೆ ಕಟ್ಟಿಹಾಕಿದ ಮಾದರಿಯಲ್ಲಿ ಮಳೆ ಬಿದ್ದ ಮೇಲಷ್ಟೇ ಹಸಿರು. ಹೊಂಗೆಯಾದರೋ ಯುಗಾದಿಯ ಹೊತ್ತಿಗೆ, ಮುಂಗಾರಿಗೆ ಇನ್ನೂ ವಾರಗಳಿರುವಾಗಲೇ, ಬೋಳಾದ ಕೊಂಬೆಗಳ ತುಂಬ ಮಿರುಗುವ ಎಳೆ ಎಲೆ ಹೊತ್ತು ನಿಲ್ಲುತ್ತದೆ. ಅದೇ ಬಿಸಿಲಲ್ಲಿ ತೇಗ ಬೋಳಾಗಿಯೇ ಇರುತ್ತದೆ. ವರ್ಗಕ್ಕೆಲ್ಲ ಒಂದೇ ಸರಾಸರಿ ಹಿಡಿದರೆ ಕಾಡಿನ ಮರಗಳೆಲ್ಲ ಒಟ್ಟಿಗೇ ಬಾಡಬೇಕು, ಒಟ್ಟಿಗೇ ಚೇತರಿಸಬೇಕು. ಕಾಡು ಹಾಗೆ ನಡೆದುಕೊಳ್ಳುವುದಿಲ್ಲ.

ಹೊಸ ಮಾದರಿಗಳು ಬಿಡಿ ಮರಕ್ಕೆ ಹತ್ತಿರವಾಗಿವೆ. ಜರ್ಮನಿಯ ಯೇನಾದಲ್ಲಿ ನೆಲೆಗೊಂಡ ಟ್ರೈ ದತ್ತಾಂಶಕೋಶ 2007ರಿಂದ ಸಸ್ಯಗಳ ಗುಣಲಕ್ಷಣಗಳ ಅಳತೆಗಳನ್ನು ಕಲೆಹಾಕುತ್ತಿದೆ. ಅಮೆಜಾನ್ ಕುರಿತು 2016ರಲ್ಲಿ ಬಂದ ಅಧ್ಯಯನದ ಮಾದರಿಯಲ್ಲಿ ಮರಮರಕ್ಕೂ ಗುಣ ಬೇರೆ. ಆ ವೈವಿಧ್ಯವಿದ್ದ ಕಾಡು ತಾಪ ಏರಿದ ಮೇಲೆ, ಶತಮಾನಗಳು ಹಿಡಿದರೂ, ಕಳೆದುಕೊಂಡ ಜೀವರಾಶಿಯ ಬಹುಪಾಲನ್ನು ಮರಳಿ ಪಡೆಯಿತು.

ಹಾಗೆಂದು ಸಾಮಾನ್ಯ ತೊಲಗಿತೆನ್ನಲಾಗದು. ಈ ಗುಣಗಳನ್ನು ಮನಬಂದಂತೆ ಜೋಡಿಸಲು ಬರುವುದಿಲ್ಲ: ತೆಳು ಎಲೆ ಬೇಗ ದುಡಿದು ಬೇಗ ಉದುರುತ್ತದೆ, ದಪ್ಪ ಎಲೆ ನಿಧಾನವಾಗಿ ದುಡಿದು ಬಹುಕಾಲ ಬಾಳುತ್ತದೆ. ಜಗತ್ತಿನಾದ್ಯಂತದ ಸಸ್ಯಗಳಲ್ಲಿ ಕಾಣುವ ಈ ನಂಟನ್ನು ಬರೀ ಕಲ್ಪನೆ ಎನ್ನುವುದು ಕಷ್ಟ. ವರ್ಗದ ಹೆಸರಿನಲ್ಲಿ ಹೋದ ಸಾಮಾನ್ಯ ನಿಯಮದ ರೂಪದಲ್ಲಿ ಮರಳಿದೆ. ಇಲ್ಲಿ ವೈಶೇಷಿಕರ ಮಾತಿಗೇ ತೂಕ ಹೆಚ್ಚು.

ಆದರೂ ವರ್ಗದ ಮಾದರಿಗಾಗಲಿ ಬಿಡಿ ಮರದ ಮಾದರಿಗಾಗಲಿ ಪ್ರಭೇದದ ಹೆಸರು ಬೇಕಿಲ್ಲ. ಒಂದೇ ಬೆಟ್ಟದಲ್ಲಿ ಬೆಳೆಯುವ ಅಪರೂಪದ ಗಿಡ ಅಳಿದುಹೋದರೂ ಈ ಮಾದರಿಗಳ ಇಂಗಾಲದ ಲೆಕ್ಕ ಕದಲುವುದಿಲ್ಲ. ಆ ನಷ್ಟ ಅಳೆಯಲು ಅವನ್ನು ಕಟ್ಟಿಲ್ಲ.