ಅಡುಗೆಮನೆಗೆ ಎರಡು ಹೆಸರು

ಲಾಟ್ವಿಯನ್ ಭಾಷೆಯಲ್ಲಿ ಅಡುಗೆಮನೆಗೆ ಎರಡು ಹೆಸರು. ಬರವಣಿಗೆಯದು 'ವಿರ್ತುವೆ', ಬೇಯಿಸು ಎಂಬರ್ಥದ 'ವಿರ್ತ್' ಕ್ರಿಯಾಪದದಿಂದ ಹುಟ್ಟಿದ್ದು. ಮನೆಮಾತಿನದು 'ಕ್ಯೇಕಿಸ್', ಅದರ ಬೇರು ಜರ್ಮನ್. 1201ರಲ್ಲಿ ಜರ್ಮನರು ರೀಗಾ ಪಟ್ಟಣ ಕಟ್ಟಿದರು. ಮುಂದೆ ಆಳುವವರು ಬದಲಾದರೂ, 1920ರ ಭೂಸುಧಾರಣೆಯವರೆಗೆ ದೊಡ್ಡ ಜಮೀನುಗಳು ಹೆಚ್ಚಾಗಿ ಜರ್ಮನ್ ಧಣಿಗಳ ಕೈಯಲ್ಲೇ ಇದ್ದವು.

ಧಣಿಯ ಭಾಷೆಯಿಂದ ಬಂದದ್ದೆಂದು ಒಂದು ಪದವನ್ನು ಹೊರಗಿಡುವುದು ನ್ಯಾಯವೇ? ಹಾಗಾದರೆ ಕನ್ನಡಿ ಎನ್ನಲು 'ಸ್ಪೊಗುಲಿಸ್', ಕಪಾಟಿಗೆ 'ಸ್ಕಾಪಿಸ್', ಟವೆಲ್ಲಿಗೆ 'ದ್ವಿಯೆಲಿಸ್' ಎನ್ನುತ್ತಾರಲ್ಲ, ಅವೂ ಅದೇ ದಾರಿಯಲ್ಲಿ ಬಂದವು. ಅವು ಇಂದಿಗೂ ಶಿಷ್ಟ ಪದಗಳೇ. ಭಾಷಾಶುದ್ಧಿಗೆ ತತ್ವವೆಂಬುದು ಇದ್ದರೂ ಅದು ಎಲ್ಲ ಪದಗಳಿಗೂ ಒಂದೇ ಅಲ್ಲ ಎಂಬುದು ನನ್ನ ಅನುಮಾನ.

ಆದರೂ 'ವಿರ್ತುವೆ'ಯ ಹಟವನ್ನು ನಾನು ಹಗುರಾಗಿ ಕಾಣಲಾರೆ. ನಮ್ಮ ಒಲೆಯಿರುವ ಕೋಣೆಗೂ ಧಣಿಯ ಮಾತೇ ಬೇಕೆ ಎಂಬ ಪ್ರಶ್ನೆಯಲ್ಲಿ ನೋವಿದೆ. ಆದರೆ ಧಣಿಯ ಅಡುಗೆಮನೆಯಲ್ಲಿ ಬೆವರು ಸುರಿಸಿದವರು ಧಣಿಗಳೇನಲ್ಲ. ಅಲ್ಲಿ ಪಾತ್ರೆ ತಿಕ್ಕಿ, ಸೌದೆ ಒಟ್ಟಿದವರ ಬಾಯಲ್ಲಿ ಆ ಪದವೂ ಬೇರೆಯಾಯಿತು. ಜರ್ಮನ್ನಿನಲ್ಲಿ ಸ್ತ್ರೀಲಿಂಗವಾಗಿದ್ದದ್ದು ಲಾಟ್ವಿಯನ್ನಿನಲ್ಲಿ 'ಇಸ್' ಪ್ರತ್ಯಯ ಹಚ್ಚಿಕೊಂಡು ಪುಲ್ಲಿಂಗವಾಯಿತು. ಧಣಿಯ ಕಿವಿಗೆ ಅದು ತಪ್ಪು ವ್ಯಾಕರಣ.