ಇಂದಿನ ಧಮ್ಮ ಚಿಂತನೆ: ಮಗುವಿನ ಬಾಯಲ್ಲಿನ ಕಲ್ಲು



ಇಂದಿನ ಪ್ರಶ್ನೆ ಇದು: ನಮ್ಮ ಮಕ್ಕಳ ಕೆಲಸದಲ್ಲಿ ತಪ್ಪು ಕಂಡಾಗ, ಅವರ ಮನಸ್ಸು ನೋಯಬಾರದೆಂದು ಸುಮ್ಮನಿರುವುದು ಕರುಣೆಯೇ?

ನಾನು ಬೆಂಗಳೂರಿನಲ್ಲಿ ಪ್ರಾಡಕ್ಟ್ ಡಿಸೈನರ್. ಮೊಬೈಲ್ ಆ್ಯಪ್‌ನಲ್ಲಿ ಯಾವ ಗುಂಡಿ ಎಲ್ಲಿರಬೇಕು, ಜನ ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ಸರಿಪಡಿಸುವುದು ನನ್ನ ಕೆಲಸ. ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರಿಗೆ ಭಾನುವಾರ ಒಂದೆರಡು ಗಂಟೆ ಮಾರ್ಗದರ್ಶನ ಮಾಡುತ್ತೇನೆ. ಕಳೆದ ವರ್ಷ ಒಬ್ಬ ಹುಡುಗಿ ಬಂದಳು. ಮನೆಯಲ್ಲಿ ಪದವಿ ಮುಗಿಸಿದ ಮೊದಲಿಗಳು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಒಂದು ಆ್ಯಪ್ ಅನ್ನು ಫಿಗ್ಮಾದಲ್ಲಿ ರೂಪಿಸಿದ್ದಳು. ವಿಷಯ ಅವಳ ಬದುಕಿನಿಂದಲೇ ಬಂದದ್ದು.

ತೆರೆ ನೋಡಿದ ಕೂಡಲೇ ನನಗೆ ಮೂರು ತಪ್ಪು ಕಂಡವು. ಸಾಲುಗಳ ನಡುವೆ ಜಾಗ ಸಾಲದೆ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗಿತ್ತು. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬ ಮಾರ್ಗಸೂಚಿಗೆ ಅದು ಹತ್ತಿರವೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಅದನ್ನು ಒಬ್ಬ ವಿದ್ಯಾರ್ಥಿಯ ಕೈಗೂ ಕೊಟ್ಟು ನೋಡಿರಲಿಲ್ಲ.

ನಾನು ಹೇಳಿದ್ದು ಒಂದೇ ಮಾತು: "ತುಂಬಾ ಚೆನ್ನಾಗಿದೆ ಅಮ್ಮಾ."

ಯಾಕೆ ಹಾಗೆ ಹೇಳಿದೆ? ನನ್ನ ಮೊದಲ ಕೆಲಸದಲ್ಲಿ ಹಿರಿಯರೊಬ್ಬರು ಎಲ್ಲರೆದುರು ನನ್ನ ಡಿಸೈನ್ ತೋರಿಸಿ ನಕ್ಕಿದ್ದರು. ಅಂದು ಅವರು ನಕ್ಕಿದ್ದು ಡಿಸೈನ್ ನೋಡಿಯೋ ನನ್ನನ್ನು ನೋಡಿಯೋ ಎಂಬ ಪ್ರಶ್ನೆ ವರ್ಷಗಟ್ಟಲೆ ಕಾಡಿತು. ಆ ನೋವು ಇವಳಿಗೆ ಬೇಡ ಎಂದುಕೊಂಡೆ.

ಎರಡು ವಾರದ ನಂತರ ಅವಳಿಗೆ ಇಂಟರ್‌ವ್ಯೂ ಬಂತು. ಅಲ್ಲಿ ಕೇಳಿದ ಎರಡನೇ ಪ್ರಶ್ನೆಯೇ "ಇದನ್ನು ಯಾರ ಜೊತೆ ಪರೀಕ್ಷಿಸಿದಿರಿ?" ಅವಳ ಬಳಿ ಉತ್ತರವಿರಲಿಲ್ಲ. ಕೆಲಸ ಸಿಗಲಿಲ್ಲ. ಫೋನ್ ಮಾಡಿ ಕೇಳಿದಳು, "ಸರ್, ನಿಮಗೆ ಮೊದಲೇ ಗೊತ್ತಿತ್ತಾ?" ಗೊತ್ತಿತ್ತು ಎಂದೆ. "ನಾನು ತಡೆದುಕೊಳ್ಳಲ್ಲ ಅಂದುಕೊಂಡ್ರಾ ಸರ್?"

ಬಂಧುಗಳೇ, ಆ ಪ್ರಶ್ನೆ ನನ್ನನ್ನು ಇಡೀ ರಾತ್ರಿ ಮಲಗಲು ಬಿಡಲಿಲ್ಲ.

ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಒಂದು ಸಂದರ್ಭವಿದೆ. ಅಪ್ರಿಯವಾದ ಮಾತನ್ನು ತಥಾಗತರು ಆಡುತ್ತಾರೆಯೇ ಎಂಬ ಪ್ರಶ್ನೆ ಹಿಡಿದು ಅಭಯ ರಾಜಕುಮಾರ ಬರುತ್ತಾನೆ. ಅವನ ತೊಡೆಯ ಮೇಲೆ ಒಂದು ಮಗು ಮಲಗಿರುತ್ತದೆ. ಈ ಮಗು ಬಾಯಿಗೆ ಕಡ್ಡಿಯನ್ನೋ ಕಲ್ಲನ್ನೋ ಹಾಕಿಕೊಂಡರೆ ಏನು ಮಾಡುವೆ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆ ಇದೆಯಲ್ಲ ಎನ್ನುತ್ತಾನೆ ಅವನು. ಆಗ ಬುದ್ಧರು ಮಾತಿನ ಅಳತೆಯನ್ನು ತಿಳಿಸುತ್ತಾರೆ: ಮಾತು ನಿಜವಾಗಿರಬೇಕು, ಹಿತಕರವಾಗಿರಬೇಕು, ಪ್ರಿಯವಿರಲಿ ಅಪ್ರಿಯವಿರಲಿ, ಆಡುವ ಕಾಲವನ್ನು ತಿಳಿದು ಆಡಬೇಕು. ಪ್ರಿಯವಾಗಿದ್ದರೂ ನಿಜವಲ್ಲದ, ಹಿತವಲ್ಲದ ಮಾತನ್ನು ತಥಾಗತರು ಆಡುವುದಿಲ್ಲ.

ನಾನು ಆಡಿದ್ದು ಅಂಥದ್ದೇ ಮಾತು. ಕೇಳಲು ಪ್ರಿಯ, ಆದರೆ ನಿಜವೂ ಅಲ್ಲ, ಹಿತವೂ ಅಲ್ಲ. ಕಲ್ಲು ಕಂಡಿತ್ತು. ರಕ್ತಕ್ಕೆ ಹೆದರಿ ಬಿಟ್ಟೆ. ಹೆದರಿದ್ದೂ ಅವಳಿಗಾಗಿ ಅಲ್ಲ, ನನ್ನ ಹಳೆಯ ಗಾಯಕ್ಕಾಗಿ. ಅದಕ್ಕಿಂತ ಕೆಟ್ಟದ್ದೆಂದರೆ, ಇವಳಿಗೆ ಇಷ್ಟೇ ಸಾಕು, ಇದಕ್ಕಿಂತ ಹೆಚ್ಚು ತಡೆಯಲಾರಳು ಎಂದು ಮೊದಲೇ ತೀರ್ಮಾನಿಸಿದ್ದೆ. ಹುಟ್ಟು ನೋಡಿ ನಮ್ಮನ್ನು ಕಡಿಮೆ ಅಳೆಯುವವರ ಅಳತೆಗೋಲನ್ನೇ ನಾನು ಪ್ರೀತಿಯ ಹೆಸರಲ್ಲಿ ಹಿಡಿದಿದ್ದೆ.

ಬಾಬಾಸಾಹೇಬರು 1923ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಡಿ.ಎಸ್‌ಸಿ. ಪ್ರಬಂಧ ಸಲ್ಲಿಸಿದಾಗ ಅದು ಮೊದಲ ಸಲ ಅಂಗೀಕಾರವಾಗಲಿಲ್ಲ. ಅವರು ತಿದ್ದಿ ಮತ್ತೆ ಸಲ್ಲಿಸಿದರು. ಅದೇ ವರ್ಷ ಅಂಗೀಕಾರವಾಯಿತು. ತಿದ್ದಿದ್ದರಿಂದ ಅವರು ಸಣ್ಣವರಾಗಲಿಲ್ಲ.

ಹಾಗೆಂದು ಎಲ್ಲರೆದುರು ನಕ್ಕ ಆ ಹಿರಿಯರು ಸರಿ ಎಂದಲ್ಲ. ತಪ್ಪು ತೋರಿಸುವುದು ಬೇರೆ, ಮನುಷ್ಯನನ್ನು ಕುಗ್ಗಿಸುವುದು ಬೇರೆ. ಅಭಯನ ಬೆರಳು ಕಲ್ಲನ್ನು ಹುಡುಕುತ್ತದೆ, ಮಗುವಿನ ಕೆನ್ನೆಗೆ ಹೊಡೆಯುವುದಿಲ್ಲ. ಈಗ ನಾನು ಮೊದಲು "ಏನು ಮಾಡಲು ಹೊರಟಿದ್ದೆ?" ಎಂದು ಕೇಳುತ್ತೇನೆ. ತಪ್ಪನ್ನು ಒಬ್ಬರೇ ಇದ್ದಾಗ, ಕಾರಣ ಸಮೇತ, ತೆರೆಯ ಮೇಲೆ ಬೆರಳಿಟ್ಟು ಹೇಳುತ್ತೇನೆ. ನನ್ನ ಮಾತಿಗೆ ಎದುರು ಹೇಳಲು ಜಾಗ ಬಿಡುತ್ತೇನೆ. ಸರಿಯಾದ ಕಾಲ ಯಾವುದೆಂಬುದು ಮಾತ್ರ ಈಗಲೂ ಕೆಲವೊಮ್ಮೆ ತಪ್ಪಿಹೋಗುತ್ತದೆ.

ಅವಳ ಬಳಿ ಕ್ಷಮೆ ಕೇಳಿದೆ. ಅವಳು ಹಾಸ್ಟೆಲ್‌ನ ಐದು ಹುಡುಗಿಯರ ಕೈಗೆ ಫೋನ್ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ, ಎಲ್ಲವನ್ನೂ ತಿದ್ದಿದಳು. ಅರ್ಜಿಯನ್ನೆಲ್ಲ ಒಂದೇ ಪುಟಕ್ಕೆ ತಾ ಎಂದೆ ನಾನು. "ಬೇಡ ಸರ್, ಮನೆಗೆಲ್ಲ ಒಂದೇ ಫೋನ್. ಮಧ್ಯದಲ್ಲಿ ಅಪ್ಪ ಕೇಳ್ತಾರೆ. ಹಂತ ಹಂತವಾಗಿ ಸೇವ್ ಆಗಬೇಕು" ಎಂದಳು. ಅವಳದೇ ಸರಿ. ಆ ದಿನ ನನ್ನ ಬಾಯಲ್ಲಿದ್ದ ಕಲ್ಲನ್ನು ಅವಳು ತೆಗೆದಳು. ಕಲ್ಯಾಣಮಿತ್ರತೆ ಎರಡೂ ಕಡೆಯಿಂದ ನಡೆಯುವ ದಾರಿ ಎಂದು ಆಗ ತಿಳಿಯಿತು.

ಇಂದು ಯಾರಿಗಾದರೂ "ಚೆನ್ನಾಗಿದೆ" ಎನ್ನುವ ಮುನ್ನ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ: ಇದು ಅವರ ಹಿತಕ್ಕೋ, ನನ್ನ ನೆಮ್ಮದಿಗೋ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.